ಎದೋಮಿನ ಮೆಟ್ಟಿಲ ಮೇಲೆ ಕಾಕಾನ ಚೀಲ

ಮಾಜಿವಾಡಾ

ಠಾಣೆಯ ಸಾಲೋಮನ್ ಕಾಕಾ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದ ವಾರ ನಾನು ನೋಡಲು ಹೋಗಿದ್ದೆ. ಮಾಜಿವಾಡಾ ನಾಕಾದ ಹಿಂದೆ ಅವರ ಮನೆ, ಮೂರನೇ ಮಹಡಿ. ಕಾಕಾ ಬಾಲ್ಕನಿಯಲ್ಲಿ ಕೂತು ಫ್ಲೈಓವರ್ ಮೇಲೆ ಹೋಗುವ ಟ್ರಕ್ಕುಗಳ ನಂಬರನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದೂ ತಪ್ಪಲಿಲ್ಲ. ನಾನು ಎದ್ದು ನಿಂತು ಪರೀಕ್ಷಿಸಿದೆ.

ಕಾಕಾ ಬೆನೆ ಇಸ್ರೇಲ್ ಯಹೂದಿಗಳು. ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಗಾಣ ತಿರುಗಿಸಿ ಎಣ್ಣೆ ಮಾರುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ಶನಿವಾರದ ತೇಲಿಗಳು, ಅಂದರೆ ಶನಿವಾರ ರಜೆಯ ಗಾಣಿಗರು ಎಂದೇ ಕರೆಯುತ್ತಿದ್ದರು. ಮನೆಮಾತು ಮರಾಠಿ. ಕಾಕಾ ಮೊದಲು ವಾಡಿ ಜಂಕ್ಷನ್‌ವರೆಗೆ ಗೂಡ್ಸ್ ರೈಲು ಓಡಿಸಿದರು, ಆಮೇಲೆ ಕಲ್ಯಾಣದ ಲೋಕಲ್ ರೈಲುಗಳನ್ನು ಓಡಿಸುವ ಮೋಟರ್‌ಮನ್ ಆದರು. ವಾಡಿಯಲ್ಲಿ ಡ್ಯೂಟಿಗೆ ಕಾಯುತ್ತಾ ಕಲಿತ ಕನ್ನಡ ಇನ್ನೂ ನಾಲಗೆಯ ಮೇಲಿದೆ. ಅವರು ನಿವೃತ್ತರಾದಾಗ ನಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಬರೆದವನು ನಾನು. ಪರಿಚಯ ಅಲ್ಲಿಂದ.

"ಹಿರೇಮಠ, ಕಣ್ಣು ತಿರುಗಿ ಬಂದ್ರ ಎದೋಮಿನ ಬಂಡೆಗಲ್ಲಿನ ಮ್ಯಾಲ ನಿಂತು ಪ್ರವಾದಿ ಮಾತು ನನ್ನ ಕಣ್ಲೇ ಓದ್ತೀನಿ ಅಂತ ಹರಕಿ ಹೊತ್ತೀನಪಾ. ಓದಿ, ಅಲ್ಲೇ ಮಲೀದಾ ಹಂಚಬೇಕು. ಮಗ ಒಬ್ಬನ್ನ ಬಿಡವಲ್ಲ. ಜವಾಬ್ದಾರಿ ಮನಶಾ ಜೋಡಿಗೆ ಇದ್ರ ಹೋಗು ಅಂತಾನ."

ಮಲೀದಾ ಎಂದರೆ ಅವರ ಸಮುದಾಯದ ಹರಕೆಯ ಪ್ರಸಾದ. ತೆಳು ಅವಲಕ್ಕಿ, ಸಕ್ಕರೆ, ಕೊಬ್ಬರಿ, ಏಲಕ್ಕಿ, ಮೇಲೆ ಹಣ್ಣು. ಎದೋಮ್ ಎಂದರೆ ಈಗಿನ ಜೋರ್ಡಾನ್ ದೇಶದ ಕೆಂಪು ಬೆಟ್ಟಗಳಲ್ಲಿದ್ದ ಹಳೆಯ ರಾಜ್ಯ. ಬಂಡೆಯ ಸೀಳುಗಳಲ್ಲಿ ಮನೆ ಮಾಡಿಕೊಂಡು, ನಮ್ಮನ್ನು ಇಳಿಸುವವರು ಯಾರು ಎಂದು ಮೆರೆದ ಜನ. ಹದ್ದಿನಷ್ಟು ಎತ್ತರದಲ್ಲಿ ಗೂಡು ಕಟ್ಟಿದರೂ ದೇವರು ನಿಮ್ಮನ್ನು ಕೆಳಗಿಳಿಸುತ್ತಾನೆ ಎಂದು ಒಬ್ಬ ಹೀಬ್ರೂ ಪ್ರವಾದಿ ಅವರಿಗೆ ಹೇಳಿದ. ಕಾಕಾ ಸಣ್ಣವರಿದ್ದಾಗ ಅಜ್ಜನ ಬಾಯಿಂದ ಇದನ್ನು ಕೇಳಿದ್ದರು. ಎಲ್ಲ ಪ್ರವಾದಿಗಳಲ್ಲಿ ಅತಿ ಕಡಿಮೆ ಮಾತಾಡಿದವನು ಈತ, ಮೋಟರ್‌ಮನ್ನಿಗೆ ಇಂಥವನೇ ಸರಿ ಎಂದು ನಕ್ಕರು.

ಜವಾಬ್ದಾರಿಯ ಮನುಷ್ಯ ಎಂಬ ಮಾತು ನನ್ನ ಕಿವಿಗೆ ಹಿತವಾಗಿತ್ತು. ಮೂವತ್ತೊಂದು ವರ್ಷ ಸುದ್ದಿಮೇಜಿನಲ್ಲಿ ಕೂತಿದ್ದೇನೆ. ನಾನು ಬರೆದದ್ದಕ್ಕೆ ತಿದ್ದುಪಡಿ ಹಾಕುವ ಪ್ರಸಂಗ ಒಮ್ಮೆಯೂ ಬಂದಿಲ್ಲ. ಒಪ್ಪಿಕೊಂಡೆ.

ತಪ್ಪಾದದ್ದು ಡೊಂಬಿವಲಿಯ ನಮ್ಮ ಕಟ್ಟಡದ ಲಿಫ್ಟಿನಲ್ಲಿ. ವೀಸಾದ ಕಾಗದ ಕೈಯಲ್ಲಿತ್ತು. ಹನ್ನೊಂದನೇ ಮಹಡಿಯ ಸದಾನಂದ ಶೆಟ್ಟರು ಓದಿಬಿಟ್ಟರು. ಮಹಾಪೆಯಲ್ಲಿ ಅವರ ಹೋಟೆಲಿದೆ. ಐಟಿ ಪಾರ್ಕಿನವರೆಲ್ಲ ತಮ್ಮ ಇಡ್ಲಿಯಿಂದಲೇ ನಡೆಯುತ್ತಾರೆ ಎಂಬುದು ಅವರ ನಂಬಿಕೆ.

"ಜೋರ್ಡಾನಾ? ನಾನೂ ಬರ್ತೇನೆ ಮಾರಾಯ್ರೆ. ನೀವಿಬ್ರೂ ಅಲ್ಲಿ ಹೋಗಿ ಉಪವಾಸ ಬೀಳ್ತೀರಿ. ಅಡುಗೆ ಗೊತ್ತಿದ್ದವ ಒಬ್ಬ ಬೇಕಲ್ಲ."

ನಾಲ್ಕನೇ ಮಹಡಿಯಲ್ಲಿ ನಾನು ಇಳಿದೆ, ಅವರು ಮೇಲೆ ಹೋದರು. ಎತ್ತರದ ಗೂಡು, ಹದ್ದು, ಸೊಕ್ಕು: ಪ್ರವಾದಿಯ ಮಾತಿಗೆ ಉದಾಹರಣೆಯನ್ನು ಜೊತೆಯಲ್ಲೇ ಕರೆದೊಯ್ಯುತ್ತಿದ್ದೇನೆ ಎಂದುಕೊಂಡೆ.

ಅಮ್ಮಾನ್

ಅಮ್ಮಾನ್ ಏಳುಬೀಳಿನ ಊರು. ಒಂದು ಬೀದಿಯ ಮನೆಯ ತಾರಸಿ ಮೇಲಿನ ಬೀದಿಯ ಅಂಗಳಕ್ಕೆ ಸಮವಾಗಿರುತ್ತದೆ. ಡೊಂಬಿವಲಿಯ ಪೂರ್ವ ಪಶ್ಚಿಮಗಳನ್ನು ಜೋಡಿಸುವ ಪಾದಚಾರಿ ಸೇತುವೆ ಹತ್ತಿ ಪಳಗಿದವರಿಗೆ ಅಲ್ಲಿನ ಮೆಟ್ಟಿಲುಗಳು ಹೊಸತಲ್ಲ. ದಾರಿ ಕೇಳಿದರೆ ಜನ ಬಾಯಿಂದ ಹೇಳುವುದಿಲ್ಲ, ಜೊತೆಗೇ ನಡೆದು ಬರುತ್ತಾರೆ. ಅಂಗಡಿ ಬಿಟ್ಟು ಬಂದ ಒಬ್ಬ ಹೊಲಿಗೆಯವನನ್ನು ವಾಪಸು ಕಳಿಸಲು ನಾವೇ ಅವನ ಅಂಗಡಿಯ ದಾರಿ ಹುಡುಕಬೇಕಾಯಿತು, ಏಕೆಂದರೆ ಅವನೂ ಆ ಬಡಾವಣೆಗೆ ಹೊಸಬ.

ಮೊದಲ ಊಟಕ್ಕೆ ಹಮ್ಮುಸ್ ಬಂತು. ಬೇಯಿಸಿದ ಕಡಲೆಯನ್ನು ಎಳ್ಳಿನ ಜೊತೆ ನುಣ್ಣಗೆ ಅರೆದದ್ದು. ಶೆಟ್ಟರು ಬೆರಳಲ್ಲಿ ತೆಗೆದು ನೆಕ್ಕಿ, ಕಣ್ಣು ಮುಚ್ಚಿ ಯೋಚಿಸಿದರು.

"ಚಟ್ನಿ ಒಳ್ಳೇದುಂಟು. ಒಗ್ಗರಣೆ ಹಾಕ್ಲಿಕ್ಕೆ ಮರೆತಿದ್ದಾರೆ."

ಸಂಜೆ ನಮ್ಮ ಗೈಡ್ ನಾಯೆಫ್ ತನ್ನ ಮಾವನ ಮನೆಗೆ ಕರೆದೊಯ್ದ. ನಾಯೆಫ್ ನಲವತ್ತರ ಆಸುಪಾಸಿನ, ಸದಾ ಇಸ್ತ್ರಿ ಅಂಗಿ ತೊಡುವ ಮನುಷ್ಯ. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಮಾತಾಡುತ್ತಿದ್ದುದರಿಂದ ಸಾಧಾರಣ ಮಾತಿಗೂ ನಾಯಕನ ಗತ್ತು ಬರುತ್ತಿತ್ತು. ಮನೆಯಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು. ಕಿವಿಯಿಲ್ಲದ ಪುಟ್ಟ ಬಟ್ಟಲು, ಎರಡು ಗುಟುಕು. ಮುಗಿಸಿ ಕೊಟ್ಟರೆ ತಕ್ಷಣ ಮತ್ತೆ ತುಂಬುತ್ತಾರೆ. ಪಕ್ಕದಲ್ಲಿ ಕೂತಿದ್ದ ಮುದುಕ ಮೂರನೆಯದು ಮುಗಿಸಿ ಬಟ್ಟಲನ್ನು ಬೆರಳಲ್ಲಿ ಎಡಬಲ ಅಲುಗಿಸಿ ಕೊಟ್ಟ, ಅವನಿಗೆ ತುಂಬಲಿಲ್ಲ. ಸಾಕು ಎನ್ನುವ ಸನ್ನೆ ಅದು. ನಾನು ಗಮನಿಸಿದೆ, ಹಾಗೇ ಮಾಡಿದೆ, ಪಾರಾದೆ. ಕಾಕಾ ನನ್ನನ್ನು ನೋಡಿ ಕಲಿತರು.

ಶೆಟ್ಟರಿಗೆ ಯಾರೂ ಹೇಳಲಿಲ್ಲ. ಕೊಟ್ಟದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನ ಎಂಬುದು ಹೋಟೆಲ್ ನಡೆಸುವವರ ಧರ್ಮ. ಅವರು ಬಟ್ಟಲು ಖಾಲಿ ಮಾಡಿ ಕೈ ಮುಗಿದು ಕೊಡುವುದು, ಆ ಮನೆಯವರು ಸಂತೋಷದಿಂದ ತುಂಬುವುದು ನಡೆದೇ ಇತ್ತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಶೆಟ್ಟಿ, ಏಳು ಬಟ್ಟಲು. ಅಂದು ಶೆಟ್ಟರಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ, "ಇವರ ಪ್ರೀತಿ ಜಾಸ್ತಿ ಮಾರಾಯ್ರೆ, ಎದೆ ಡಬಡಬ ಅಂತ ಉಂಟು" ಎಂದರು. ಆಗಲೂ ನಾನು ಹೇಳಲಿಲ್ಲ.

ಬಂಡೆಯ ಸೀಳು

ಮರುದಿನ ದಕ್ಷಿಣಕ್ಕೆ ಹೊರಟು ಎದೋಮಿನ ಬೆಟ್ಟಗಳ ನಡುವಿನ ಪೆಟ್ರಾ ತಲುಪಿದೆವು. ಬೆಟ್ಟ ಎರಡಾಗಿ ಬಿರಿದಂಥ ಒಂದು ಸೀಳಿನೊಳಗೆ ಕಿಲೋಮೀಟರಿಗೂ ಮೀರಿ ನಡೆಯಬೇಕು. ಎರಡೂ ಬದಿ ಗೋಡೆಗಳು ಮೇಲೇಳುತ್ತವೆ, ಆಕಾಶ ಒಂದು ಪಟ್ಟಿಯಾಗಿ ಉಳಿಯುತ್ತದೆ. ಪ್ರವಾಸಿಗಳ ದಂಡು ಎದುರಾದಾಗ ನಾವು ಮೂವರೂ ಹೇಳಿಸಿಕೊಳ್ಳದೆ ಬೆನ್ನಿನ ಚೀಲವನ್ನು ಎದೆಗೆ ತಿರುಗಿಸಿಕೊಂಡೆವು. ಲೋಕಲ್ ರೈಲು ಹತ್ತುವವರ ಮೈಗೆ ಇದನ್ನು ಕಲಿಸಬೇಕಾಗಿಲ್ಲ.

ವರದಿ ನಿಖರವಾಗಿರಬೇಕೆಂದು ಒಂದು ವಿಷಯ ದಾಖಲಿಸುತ್ತೇನೆ. ಬಂಡೆಯಲ್ಲಿ ಕೆತ್ತಿದ ಪ್ರಖ್ಯಾತ ಮುಂಭಾಗಗಳು ಎದೋಮಿನವರದಲ್ಲ. ಅವರ ನಂತರ ಬಂದ ನಬಾತಿಯರದು. ಎದೋಮಿನವರ ಮನೆಗಳಿದ್ದದ್ದು ಆಚೆಗಿನ ಚಪ್ಪಟೆ ನೆತ್ತಿಯ ಬೆಟ್ಟದ ಮೇಲೆ. ನಾಯೆಫ್ ತೋರಿಸಿದ. ಅಲ್ಲಿ ಈಗ ಮುರುಕು ಗೋಡೆಗಳಷ್ಟೇ ಇವೆ.

"ಮುಗೀತಲ್ಲ," ಎಂದರು ಶೆಟ್ಟರು. "ಸೊಕ್ಕಿದವರು ಬಿದ್ದರು. ಇದನ್ನು ಕೆಳಗಿಂದ್ಲೇ ಓದಿದ್ರೆ ಆಗುದಿಲ್ವಾ ಕಾಕಾ?"

"ಇಲ್ಲ ಶೆಟ್ಟರ. ಹರಕಿ ಮ್ಯಾಲಿಂದು. ಮತ್ತ, ಸೊಕ್ಕು ಅನ್ನೋದು ಮೊದಲನೇ ಸ್ಟೇಷನ್ ಅಷ್ಟ. ಗಾಡಿ ಮುಂದ ಹೋಗತದ. ಅದನ್ನ ಮ್ಯಾಲ ಓದ್ತೀನಿ."

ಮೇಲೆ ಎಂದರೆ ಸುಮಾರು ಎಂಟುನೂರು ಮೆಟ್ಟಿಲು. ತುದಿಯ ಬಯಲಿನಿಂದ ಎದೋಮಿನ ಬೆಟ್ಟಗಳೆಲ್ಲ ಕಾಣುತ್ತವೆ. ಕಾಕಾ ಅಲ್ಲೇ ಓದಬೇಕೆಂದು ಗೊತ್ತುಮಾಡಿದ್ದರು. ಇದ್ದದ್ದು ಅದೊಂದೇ ಮಧ್ಯಾಹ್ನ. ಮರುದಿನ ಬೆಳಿಗ್ಗೆ ನಾವು ಅಮ್ಮಾನಿಗೆ ಮರಳಬೇಕಿತ್ತು. ಎಪ್ಪತ್ತನಾಲ್ಕು ವರ್ಷದ ಮಂಡಿಗಳು ಇನ್ನೊಮ್ಮೆ ಆ ದೇಶಕ್ಕೆ ಬರುವಂತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಕೆಳಗೆ ಕತ್ತೆಗಳು ಬಾಡಿಗೆಗೆ ನಿಂತಿದ್ದವು. ಕಾಕಾ ಬೇಡವೆಂದರು: "ಮೋಟರ್‌ಮನ್ ನಾನು. ಲಗೇಜ್ ಆಗಿ ಹೋಗಂಗಿಲ್ಲ." ಹರಕೆ ಕಾಲಿನಿಂದಲೇ ತೀರಬೇಕಿತ್ತು. ನಾನೂ ಬೇಡವೆಂದೆ, ಡೊಂಬಿವಲಿಯಿಂದ ಇಷ್ಟು ದೂರ ಬಂದು ಕತ್ತೆ ಮೇಲೆ ಕೂರುವುದು ನನ್ನ ವಯಸ್ಸಿನ, ನನ್ನ ವೃತ್ತಿಯ ಮನುಷ್ಯನಿಗೆ ತಕ್ಕದ್ದಲ್ಲ ಎಂದು ಶೆಟ್ಟರಿಗೆ ಕೇಳುವಂತೆ ಹೇಳಿದೆ. ಶೆಟ್ಟರು ಅತಿ ಎತ್ತರದ ಕತ್ತೆ ಆರಿಸಿ ಏರಿದರು.

ಉಮ್ ಸಾಲೆಮಳ ಚಹಾ

ಅರ್ಧ ದಾರಿಯಲ್ಲಿ ಒಂದು ತಿರುವು. ಅಲ್ಲಿ ಬಂಡೆಗೆ ಆತುಕೊಂಡು ಉಮ್ ಸಾಲೆಮ್ ಎಂಬ ಮರುಭೂಮಿಯ ಬೆದುಯಿನ್ ಬುಡಕಟ್ಟಿನ ಹೆಂಗಸಿನ ಚಹಾದ ಡೇರೆ. ನಾವು ಅಲ್ಲಿಗೆ ಮುಟ್ಟುವಾಗ ಮೇಲಿಂದ ಮೂರು ಖಾಲಿ ಕತ್ತೆಗಳು ಇಳಿದು ಬಂದವು. ಶೆಟ್ಟರ ಕತ್ತೆ ಅವಕ್ಕೆ ದಾರಿ ಬಿಡಲು ಗೋಡೆಯತ್ತ ತಿರುಗಿ, ಹಿಂಗಾಲು ಮಡಿಸಿತು. ಶೆಟ್ಟರು ಬಾಲದ ಕಡೆಯಿಂದ ನಿಧಾನವಾಗಿ, ಗೋಣಿಚೀಲ ಜಾರುವ ಹಾಗೆ ಜಾರಿ, ಮೆಟ್ಟಿಲ ಮೇಲೆ ಕೂತರು. ಕತ್ತೆ ಏನೂ ಆಗದಂತೆ ನಿಂತಿತ್ತು.

ಅದೊಂದು ಸಂಪೂರ್ಣ ದೃಶ್ಯ. ನಾನು ನೋಟ್‌ಬುಕ್ ತೆಗೆದೆ. ಕಾಕಾ ತಮ್ಮ ಖಾಕಿ ಚೀಲವನ್ನು ನನ್ನ ಕೈಗೆ ತುರುಕಿ ಶೆಟ್ಟರನ್ನು ಎಬ್ಬಿಸಲು ಬಾಗಿದರು.

ಶೆಟ್ಟರ ಹಿಮ್ಮಡಿ ಉಳುಕಿತ್ತು. ಡೇರೆಯಲ್ಲಿ ಕೂರಿಸಿದೆವು. ಉಮ್ ಸಾಲೆಮ್ ಒದ್ದೆ ಬಟ್ಟೆ ಕಟ್ಟಿ, ಯಾವುದೋ ಘಮಘಮಿಸುವ ಎಲೆ ಹಾಕಿದ ಸಿಹಿ ಚಹಾ ಕೊಟ್ಟಳು. ಕಾಕಾ ಎರಡು ಗುಟುಕು ಕುಡಿದು ಕೈ ಚಾಚಿದರು.

"ಚೀಲ ಕೊಡು ಹಿರೇಮಠ, ಬಿಸ್ಕೀಟು ಅದಾವ."

ಚೀಲ ನನ್ನಲ್ಲಿರಲಿಲ್ಲ. ಅದರಲ್ಲಿ ಒಂದು ಪುಟ ಹೀಬ್ರೂ, ಎದುರಿನ ಪುಟ ಮರಾಠಿ ಇದ್ದ ತೆಳು ಪುಸ್ತಕ, ಕಾಕಾನ ಓದುವ ಕನ್ನಡಕ, ಮಲೀದಾಕ್ಕೆ ಠಾಣೆಯಿಂದ ತಂದ ಅವಲಕ್ಕಿ, ಕೊಬ್ಬರಿ, ಸಕ್ಕರೆಯ ಸ್ಟೀಲ್ ಡಬ್ಬಿ ಇದ್ದವು. ಹರಕೆ ಪೂರ್ತಿ ಅದರಲ್ಲೇ ಇತ್ತು. ಕಾಕಾ ಬಟ್ಟಲು ಕೆಳಗಿಟ್ಟು ತಮ್ಮ ಅಂಗೈ ನೋಡಿಕೊಂಡರು.

ನಾನು ನೆನಪಿಸಿಕೊಂಡೆ. ಶೆಟ್ಟರ ಚಾಚಿದ ಕೈ ಕಣ್ಣಿಗೆ ಕಟ್ಟಿತ್ತು. "ಬೀಳೋ ಮುಂದ ಶೆಟ್ಟರು ಕೈ ಚಾಚಿದ್ರು. ಚೀಲ ಅವರಿಗೇ ಹೋಗೇತಿ. ಅಲ್ಲಿಂದ ಮುಂದ ಸುಳಿವಿಲ್ಲ," ಎಂದೆ. ಸುದ್ದಿಮೇಜಿನಲ್ಲಿ ನಾನು ಮಾತಾಡುವುದೇ ಹೀಗೆ, ಏರಿಳಿತವಿಲ್ಲದೆ. ಕೇಳಿದವರು ನಂಬುತ್ತಾರೆ.

ಶೆಟ್ಟರು ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು.

"ನಾನೇ ಇರ್ಬೇಕು ಮಾರಾಯ್ರೆ. ಬಿದ್ದ ಹೊತ್ತಿಗೆ ನನಗೆ ಎಂತದೂ ಗೊತ್ತಾಗ್ಲಿಲ್ಲ. ನೀವು ಸುಳ್ಳು ಹೇಳುವವರಲ್ಲ." ಕಾಕಾನ ಕಡೆ ತಿರುಗಿ, "ನೀವು ಇಲ್ಲೇ ಕೂತ್ಕೊಳ್ಳಿ. ನಾನು ಹುಡುಕಿ ತರ್ತೇನೆ," ಎಂದು ಎದ್ದು, ಕುಂಟುತ್ತಾ ಮೆಟ್ಟಿಲಿಳಿಯತೊಡಗಿದರು.

ನಾನು ಆ ಹೊತ್ತಿಗೆ ನಮ್ಮ ಕಟ್ಟಡದ ಕನ್ನಡ ಮನೆಗಳ ವಾಟ್ಸಾಪ್ ಗುಂಪಿಗೆ ವರದಿ ಕಳಿಸಿ ಆಗಿತ್ತು. "ಶೆಟ್ಟರು ಕತ್ತೆಯಿಂದ ಬಿದ್ದರು. ಆ ಗಡಿಬಿಡಿಯಲ್ಲಿ ಕಾಕಾ ಅವರ ಹರಕೆಯ ಚೀಲ ಕಳೆದುಹಾಕಿದರು. ದೊಡ್ಡ ಗಾಯವಿಲ್ಲ." ಮೂರು ವಾಕ್ಯ. ನಗುವ ಮುಖಗಳು ಒಂದರ ಹಿಂದೊಂದು ಬಂದವು. ಎರಡನೇ ಮಹಡಿಯ ಹುಡುಗಿ ಹಿಂದಿಯಲ್ಲಿ ಕೇಳಿದಳು: "ಅಂಕಲ್, ವೀಡಿಯೊ ಹೈ ಕ್ಯಾ?"

ಉಮ್ ಸಾಲೆಮ್ ಕುಂಟುವ ಮನುಷ್ಯನನ್ನು ನೋಡಿ ನಾಯೆಫನನ್ನು ಏನೋ ಕೇಳಿದಳು. ಅವನು ಹೇಳಿದ. ಅವಳು ಜೋರಾಗಿ ಶೆಟ್ಟರನ್ನು ಕೂಗಿ ನಿಲ್ಲಿಸಿ, ನನ್ನ ಮುಂದೆ ಬಂದು ನಿಂತಳು. ಬಲಗೈಯಲ್ಲಿ ಇಲ್ಲದ ಪೆನ್ನು ಹಿಡಿದು ಗಾಳಿಯಲ್ಲಿ ಬರೆದಳು. ಬರೆಯುತ್ತಲೇ, ಕತ್ತು ತಿರುಗಿಸದೆ, ಎಡಗೈಯಿಂದ ಇಲ್ಲದ ಚೀಲವೊಂದನ್ನು ಎತ್ತಿ ತಲೆಯ ಮಟ್ಟದಲ್ಲಿ ಪಕ್ಕಕ್ಕೆ ದಾಟಿಸಿದಳು. ಆಮೇಲೆ ಎರಡು ಕೈಗಳನ್ನು ಕಿವಿಯ ಮೇಲೆ ಎತ್ತಿ ಕತ್ತೆಯಾದಳು. ಕತ್ತೆ ಟಕಟಕನೆ ಮೆಟ್ಟಿಲಿಳಿದು ಹೋಯಿತು.

ನಾಯೆಫ್ ಅನುವಾದಿಸಲು ಬಾಯಿ ತೆರೆದು, ಬೇಡವೆಂದು ಮುಚ್ಚಿದ.

ಲೋಕಲ್ ಹತ್ತದವರಿಗೆ ಇದನ್ನು ವಿವರಿಸಬೇಕು. ತುಂಬಿದ ರೈಲು ಡಬ್ಬಿಯಲ್ಲಿ ಯಾರಾದರೂ ಚೀಲ ಮುಂದೆ ಹಿಡಿದರೆ ನಾವು ಯಾರದು ಎಂದು ಕೇಳುವುದಿಲ್ಲ, ನೋಡುವುದೂ ಇಲ್ಲ. ತೆಗೆದುಕೊಂಡು, ತಲೆಯ ಮಟ್ಟದಲ್ಲಿ ಪಕ್ಕದವನಿಗೆ ದಾಟಿಸುತ್ತೇವೆ. ಅದು ಕೈಯಿಂದ ಕೈಗೆ ಹೋಗಿ ಸೀಟಿನ ಮೇಲಿನ ರ‍್ಯಾಕ್ ಸೇರುತ್ತದೆ. ಇಳಿಯುವಾಗ ಹಾಗೇ ವಾಪಸು ಬರುತ್ತದೆ. ಕೈಗೆ ತಗುಲಿದ ಕತ್ತೆಯ ಜೀನಿನ ಗೂಟವನ್ನು ನನ್ನ ಎಡಗೈ ರ‍್ಯಾಕ್ ಎಂದು ತಿಳಿದಿತ್ತು. ಚೀಲ ನೇತುಹಾಕಿತ್ತು. ಖಾಲಿ ಕತ್ತೆ ಇಳಿದು ಹೋಗಿತ್ತು.

ಶೆಟ್ಟರ ಕೈ ಚಾಚಿದ್ದು ನಿಜ. ಎಬ್ಬಿಸಿ ಎಂದು ಚಾಚಿದ್ದರು, ನನ್ನ ಕಡೆಗೆ.

"ನಾ ಹೋಗ್ತೀನಿ," ಎಂದೆ.

ಕೆಳಗೆ, ಮತ್ತೆ ಮೇಲೆ

ಇಳಿಯುವಾಗ ಬಿಸಿಲು ಬಂಡೆಯ ಅರ್ಧಕ್ಕೆ ಬಂದಿತ್ತು. ಕೆಳಗೆ ಕತ್ತೆಗಳ ಯಜಮಾನ, ಬಿಳಿ ಗಡ್ಡದ ಅಬು ಫಾರಿಸ್, ಚೀಲವನ್ನು ಕೊರಳಿಗೆ ಹಾಕಿಕೊಂಡು ಕೂತಿದ್ದ. ಒಳಗಿನದೆಲ್ಲ ಇದ್ದಂತೆಯೇ ಇತ್ತು. ನಾನು ಮೆಟ್ಟಿಲ ಕಡೆ ಓಡಹೊರಟೆ. ಅವನು ಸೂರ್ಯನನ್ನು ತೋರಿಸಿದ, ನನ್ನ ಹೊಟ್ಟೆ ತೋರಿಸಿದ, ತಲೆಯಾಡಿಸಿದ. ಆಮೇಲೆ ಕತ್ತೆ ತೋರಿಸಿದ. ಅದೇ ಕತ್ತೆ, ಶೆಟ್ಟರದು. ಅದೂ ಇಳಿದು ಬಂದಿತ್ತು.

ಕತ್ತೆ ಸವಾರಿಯ ಬಗ್ಗೆ ನನ್ನಲ್ಲಿ ಟಿಪ್ಪಣಿಗಳಿಲ್ಲ. ಎರಡೂ ಕೈಗಳಿಗೆ ಬೇರೆ ಕೆಲಸವಿತ್ತು. ಕತ್ತೆ ಮೆಟ್ಟಿಲಿನ ಹೊರ ಅಂಚಿನಲ್ಲೇ ನಡೆಯುತ್ತದೆ, ಅಲ್ಲಿಂದ ಪಾತಾಳ ಕಾಣುತ್ತದೆ, ಕತ್ತೆಗೆ ಅದರ ಚಿಂತೆಯಿಲ್ಲ. ಡೇರೆ ದಾಟುವಾಗ ಉಮ್ ಸಾಲೆಮ್ ಮೇಲೆ ಕೈ ತೋರಿಸಿದಳು: ಅವರು ಹೋಗಿದ್ದಾರೆ.

ನಾನು ತುದಿಗೆ ಬಂದಾಗ ಕಾಕಾ ಮತ್ತು ಶೆಟ್ಟರು ಬಯಲಿನ ಬಾಯಲ್ಲಿ ನಿಂತಿದ್ದರು. ಒಬ್ಬರಿಗೆ ಮಂಡಿ ಇಲ್ಲ, ಇನ್ನೊಬ್ಬರಿಗೆ ಹಿಮ್ಮಡಿ ಇಲ್ಲ. ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಹತ್ತಿಬಿಟ್ಟಿದ್ದರು. "ಸ್ಲೋ ಲೋಕಲ್ಲು," ಎಂದರು ಕಾಕಾ, "ಎಲ್ಲಾ ಸ್ಟೇಷನ್ನಿಗೂ ನಿಂತ್ವಿ."

ಶೆಟ್ಟರ ಕೈಯಲ್ಲಿ ಫೋನಿತ್ತು. ಬೆಟ್ಟಗಳ ಫೋಟೊ ತೆಗೆಯುತ್ತಿದ್ದವರು ತಿರುಗಿ ನನ್ನನ್ನು ನೋಡಿದರು. ನಾನು ಕತ್ತೆಯ ಕೊರಳನ್ನು ಅಪ್ಪಿಕೊಂಡಿದ್ದೆ. ಟೋಪಿ ಎಲ್ಲೋ ಬಿದ್ದಿತ್ತು. ಬಾಯಲ್ಲಿ ಕತ್ತೆಯ ಕೂದಲಿತ್ತು. ಕಟ್ಟಡದ ಗುಂಪು ಕಾಯುತ್ತಿತ್ತು. ಅವರ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದಕ್ಕೆ ದಾಖಲೆಯೇ ಇತ್ತು.

ಶೆಟ್ಟರು ಫೋನನ್ನು ಜೇಬಿಗೆ ಹಾಕಿ ಕುಂಟುತ್ತಾ ಬಂದರು. ಓಡುವ ಗಾಡಿಯ ಬಾಗಿಲಲ್ಲಿ ನಿಂತವರು ಪ್ಲಾಟ್‌ಫಾರ್ಮಿನವನಿಗೆ ಕೈ ಕೊಡುವ ಹಾಗೆ, ಮಣಿಕಟ್ಟು ಹಿಡಿದರು.

"ಕಾಲು ಈ ಕಡೆ ಹಾಕಿ. ಈಗ ಜಾರಿ. ಮೆಲ್ಲ, ಮೆಲ್ಲ. ನನಗೆ ಈಗ ಅಭ್ಯಾಸ ಉಂಟು."

ಕಾಕಾ ಕನ್ನಡಕ ಹಾಕಿ, ಬೆಟ್ಟಗಳಿಗೆ ಎದುರಾಗಿ ನಿಂತು ಓದಿದರು. ಮೊದಲು ಹೀಬ್ರೂ, ರಾಗವಾಗಿ. ಆಮೇಲೆ ನಮಗಾಗಿ ಮರಾಠಿಯಿಂದ ವಾಡಿಯ ಕನ್ನಡಕ್ಕೆ ಬಿಡಿಸಿದರು. ಎದೋಮಿನ ಮೂಲಪುರುಷ ಮತ್ತು ಯಹೂದಿಗಳ ಮೂಲಪುರುಷ ಅವಳಿ ಅಣ್ಣತಮ್ಮಂದಿರು. ತಮ್ಮನ ಊರನ್ನು ಶತ್ರುಗಳು ಸೂರೆ ಮಾಡಿದ ದಿನ ಅಣ್ಣನ ಮಕ್ಕಳಾದ ಎದೋಮಿನವರು ಏನು ಮಾಡಿದರು ಎಂಬುದೇ ದೇವರ ಆರೋಪ.

"ಕೇಳ್ರಿ. ತಮ್ಮಗ ಅನ್ಯಾಯ ಮಾಡಿದಿ ಅಂತ ಒಂದ ಮಾತು ಅಂದು, ಬಿಡಿಸಿ ಹೇಳೋ ಮುಂದ ಬಡದಿ, ಕಡದಿ ಅಂತ ಮೊದಲಿಗೆ ಅನ್ನಂಗಿಲ್ಲ. ಆ ದಿನ ದೂರ ನಿಂತಿ, ನಿಂತು ನೋಡಿದಿ, ನೋಡಿ ಖುಷಿಪಟ್ಟಿ ಅಂತಾನ. ಸೂರೆ ಮಾಡಿದ್ದು, ಓಡೋರ್ನ ಹಿಡಕೊಟ್ಟಿದ್ದು ಆಮ್ಯಾಲಿನ ಮಾತು. ನೋಡಬಾರದಿತ್ತು ನೀ, ಅನ್ನೋದನ್ನ ಮತ್ತ ಮತ್ತ ಹೇಳ್ಯಾನ."

ಅವರು ಯಾರ ಕಡೆಯೂ ನೋಡದೆ ಪುಟ ತಿರುಗಿಸಿದರು. ದೂರ ನಿಂತು ನೋಡುವುದಕ್ಕೆ ನನಗೆ ಮೂವತ್ತೊಂದು ವರ್ಷದಿಂದ ಸಂಬಳ ಬಂದಿದೆ. ಅದರಲ್ಲಿ ತಪ್ಪಿಲ್ಲ ಎಂದು ಈಗಲೂ ಭಾವಿಸುತ್ತೇನೆ. ಆದರೆ ಆ ಮೂರನೆಯ ಮಾತು, ಖುಷಿಪಟ್ಟದ್ದು, ಸಂಬಳದ ಕೆಲಸವಲ್ಲ.

ಮಲೀದಾ ಕಲಸಿದವರು ಶೆಟ್ಟರು. ಡಬ್ಬಿಯ ಮುಚ್ಚಳದಲ್ಲಿ ಅವಲಕ್ಕಿಗೆ ನೀರು ಚಿಮುಕಿಸಿ, ಕೊಬ್ಬರಿ ಸಕ್ಕರೆ ಸೇರಿಸಿ, ನಾಯೆಫ್ ತಂದ ಖರ್ಜೂರ ಮುರಿದು ಹಾಕಿದರು. ಕಾಕಾ ಪ್ರಾರ್ಥನೆ ಹೇಳಿ ಮೊದಲ ತುತ್ತು ಅವರಿಗೇ ಕೊಟ್ಟರು. ಶೆಟ್ಟರು ಕಣ್ಣು ಮುಚ್ಚಿ ಜಗಿದರು. ಒಗ್ಗರಣೆಯ ಮಾತು ಎತ್ತಲಿಲ್ಲ. ಕತ್ತೆಗೂ ಒಂದು ಹಿಡಿ ಸಿಕ್ಕಿತು.

ಡೊಂಬಿವಲಿ

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ತಪ್ಪು ಎಲ್ಲಿ ಅಚ್ಚಾಯಿತೋ ತಿದ್ದುಪಡಿ ಅಲ್ಲೇ ಬರಬೇಕು, ಅಷ್ಟೇ ದೊಡ್ಡದಾಗಿ. ಆ ಬಯಲಿನಲ್ಲಿ ಸಿಗ್ನಲ್ ಇರಲಿಲ್ಲ. ಇಳಿದು ಬಂದ ಮೇಲೆ ಬರೆದೆ.

"ತಿದ್ದುಪಡಿ: ಚೀಲ ಕಳೆದವರು ಶೆಟ್ಟರಲ್ಲ, ಹಿರೇಮಠ. ಚೀಲ ಸಿಕ್ಕಿದೆ, ಹರಕೆ ತೀರಿದೆ. ಹಿರೇಮಠ ಕೆಳಗಿನಿಂದ ತುದಿಯವರೆಗೆ ಅದೇ ಕತ್ತೆಯ ಮೇಲೆ ಬಂದರು. ಇಳಿಸಿದವರು ಶೆಟ್ಟರು."

ನಗುವ ಮುಖಗಳು ಮತ್ತೆ ಬಂದವು, ಈ ಸಲ ಹೆಚ್ಚು. ಎರಡನೇ ಮಹಡಿಯ ಹುಡುಗಿ ಮತ್ತೆ ವೀಡಿಯೊ ಕೇಳಿದಳು. ಶೆಟ್ಟರ ಹೆಂಡತಿ ಸುಜಾತಕ್ಕ, "ಇವರ ಹತ್ತಿರ ಫೋಟೊ ಇರ್ತದೆ, ಬರ್ಲಿ, ಹಾಕಿಸ್ತೇನೆ" ಎಂದರು. ಊರಿಗೆ ಬಂದ ಮೇಲೆ ಅವರು ಶೆಟ್ಟರ ಫೋನನ್ನು ಎರಡು ಸಲ ಹುಡುಕಿದರಂತೆ. ಬೆಟ್ಟಗಳಿದ್ದವು, ಹಮ್ಮುಸ್ ಇತ್ತು, ಉಮ್ ಸಾಲೆಮ್ ಇದ್ದಳು. ನಾನಿರಲಿಲ್ಲ.

ಇನ್ನೊಂದು ತಿದ್ದುಪಡಿ ಉಳಿದಿತ್ತು. ಅದು ಗುಂಪಿನಲ್ಲಿ ಅಚ್ಚಾದದ್ದಲ್ಲ, ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಇದ್ದದ್ದು. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಶೆಟ್ಟರು ಸಿಕ್ಕಾಗ ಹೇಳಿದೆ.

"ಶೆಟ್ಟರ, ಅಮ್ಮಾನಿನ ಆ ಕಾಫಿ. ಬಟ್ಟಲು ಅಲಗಾಡಿಸಿ ಕೊಟ್ರ ಅವರು ಮತ್ತ ತುಂಬಂಗಿಲ್ಲ. ನನಗ ಮೂರನೇ ಬಟ್ಟಲಕ್ಕ ಗೊತ್ತಾಗಿತ್ತು. ನಿಮಗ ಹೇಳಲಿಲ್ಲ. ನೀವು ಏಳು ಬಟ್ಟಲು ಕುಡಿಯೋತನಕ ಬರಕೋತ ಕುಂತಿದ್ದೆ."

ಶೆಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾಲ್ಕನೇ ಮಹಡಿ ಬಂತು, ಬಾಗಿಲು ತೆರೆಯಿತು. ಅವರು ಅದನ್ನು ಕೈಯಿಂದ ತಡೆದು ಹಿಡಿದರು.

"ಏಳಲ್ಲ, ಒಂಬತ್ತು. ಎಣಿಸ್ಲಿಕ್ಕೂ ಬರುದಿಲ್ವಾ ನಿಮಗೆ? ಬನ್ನಿ ಮೇಲೆ, ಕಾಫಿ ಕುಡಿದು ಹೋಗಿ."

ನೋಟ್‌ಬುಕ್ಕಿನಲ್ಲಿ ಏಳನ್ನು ಹೊಡೆದು ಒಂಬತ್ತು ಮಾಡಿದ್ದೇನೆ. ಹನ್ನೊಂದನೇ ಮಹಡಿಗೆ ಅಂದು ಮೊದಲ ಸಲ ಹೋದೆ. ಬಟ್ಟಲು ಅಲುಗಿಸಿದೆ, ಸುಜಾತಕ್ಕನಿಗೆ ಆ ಸನ್ನೆ ಗೊತ್ತಿರಲಿಲ್ಲ, ಮತ್ತೆ ತುಂಬಿದರು. ಶೆಟ್ಟರಿಗೆ ಗೊತ್ತಿತ್ತು. ಎದುರಿಗೆ ಕೂತು ಮೂರನೆಯ ಬಟ್ಟಲಿನವರೆಗೆ ಸುಮ್ಮನೆ ನೋಡಿದರು, ಆಮೇಲೆ ಹೆಂಡತಿಗೆ ಹೇಳಿದರು: "ಸಾಕು ಮಾರಾಯ್ತಿ, ಅವರು ಸಾಕು ಅಂತ ಇದ್ದಾರೆ."